ಬುಷ್ ಕವಿತೆ ಹೇಳುವ ಗೆಳೆಯರು ಬರುತ್ತಿದ್ದಾರೆ, ಹಿತ್ತಲಲ್ಲಿ ಒಂದು ಸಂಜೆ ಏರ್ಪಡಿಸುವುದು ಹೇಗೆ?

ಬುಷ್ ಕವಿತೆ ಅಂದರೆ ಆಸ್ಟ್ರೇಲಿಯಾದ ಹಳ್ಳಿಗಾಡಿನ ಬದುಕನ್ನು ಹೇಳುವ ಪದ್ಯ. ನಿಮ್ಮ ಸಂಜೆ ಅಲ್ಲಿನ ಅಡಿಲೇಡ್‌ನಲ್ಲಿ, ಜನವರಿಯಲ್ಲಿ, 25 ಕನ್ನಡಿಗರ ಮುಂದೆ. ಮೈಕ್ ಬೇಕಾ, ಬೆಂಕಿ ಹಾಕಬಹುದಾ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಪದಗಳ ಕಡೆ ನೋಡಿ. ನಮ್ಮವರು ಎಡವುವುದೇ ಅಲ್ಲಿ.

ಈ ಕವಿತೆಗಳಲ್ಲಿ 'ಸ್ಟೇಷನ್' ಅಂದರೆ ರೈಲು ನಿಲ್ಲುವ ಜಾಗವಲ್ಲ, ಕುರಿ-ದನ ಸಾಕುವ ಭಾರೀ ಜಮೀನು. 'ಸ್ಕ್ವಾಟರ್' ಗುಡಿಸಲು ಹಾಕಿಕೊಂಡ ಬಡವನಲ್ಲ, ಆ ಜಮೀನಿನ ಧಣಿ. 'ಸ್ವ್ಯಾಗ್' ಹೆಗಲ ಮೇಲಿನ ಹಾಸಿಗೆ ಸುರುಳಿ, 'ಬಿಲ್ಲಿ' ಚಹಾ ಕುದಿಸುವ ತಗಡಿನ ಡಬ್ಬಿ, 'ಡ್ರೋವರ್' ಮಂದೆಯನ್ನು ದೂರದೂರಕ್ಕೆ ಹೊಡೆದುಕೊಂಡು ಹೋಗುವವನು. ಯಾವ್ಯಾವ ಕವಿತೆ ಹೇಳುತ್ತಾರೆಂದು ಕೇಳಿಕೊಂಡು, ಹತ್ತು-ಹದಿನೈದು ಪದಗಳ ಅರ್ಥವನ್ನು ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಳಿಸಿ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸಲು ಹೋಗಬೇಡಿ. ಓಟ ಮುರಿದರೆ ಮತ್ತೆ ಹಿಡಿಯುವುದು ಕಷ್ಟ.

ಆ ಓಟವೇ ಇದರ ಜೀವ. ಭಾಮಿನಿ ಷಟ್ಪದಿಯಲ್ಲಿ ನಾವು 3-4ರ ಮಾತ್ರೆ ಲೆಕ್ಕ ಹಾಕುತ್ತೇವೆ, ಇಲ್ಲಿ ಲೆಕ್ಕ ಒತ್ತಿನದು, ಅಂದರೆ ದನಿ ಒತ್ತಿ ಹೇಳುವ ಅಕ್ಷರಗಳದು. ಎರಡು ಒತ್ತುಗಳ ನಡುವೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಕಿವಿಗೆ ಕುದುರೆಯ ಗೊರಸು ಕೇಳುತ್ತಲೇ ಇರುತ್ತದೆ. ಗಮಕದ ಹಾಗೆ ರಾಗವಿಲ್ಲ, ಎದುರು ಕೂತು ಕಥೆ ಹೇಳುವ ದನಿ. ಹಾಗಾಗಿ ಸಾಲಿನ ಮಧ್ಯೆ 'ವಾಹ್ ವಾಹ್' ಬೇಡ, ನಗು ಬಂದರೆ ಧಾರಾಳ ನಗಿ.

ಆಸ್ಟ್ರೇಲಿಯಾದ ಕವಿ ಬ್ಯಾಂಜೋ ಪ್ಯಾಟರ್ಸನ್ 1890ರಲ್ಲಿ ಪ್ರಕಟಿಸಿದ 'ದ ಮ್ಯಾನ್ ಫ್ರಮ್ ಸ್ನೋಯಿ ರಿವರ್' 104 ಸಾಲು. ಹೇಳಲು ಆರೇಳು ನಿಮಿಷ ಬೇಕು. ಅಂಥ ಉದ್ದದ್ದು ಸಂಜೆಗೆ ಎರಡಿದ್ದರೆ ಸಾಕು. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಭಾಗ ಮಾಡಿ. ತಮಾಷೆಯದರಿಂದ ಶುರು, ಉದ್ದದ್ದು ವಿರಾಮದ ನಂತರ. ಅದೇ ಕಾಲದ ಇನ್ನೊಬ್ಬ ಕವಿ ಹೆನ್ರಿ ಲಾಸನ್‌ನ ಬರಗಾಲದ ಪದ್ಯಗಳನ್ನು ಕೊನೆಗೆ ಇಟ್ಟರೆ ಊಟಕ್ಕೆ ಏಳುವವರ ಮುಖ ಬಾಡಿರುತ್ತದೆ.

25 ಜನಕ್ಕೆ ಮೈಕ್ ಬೇಡ. ಹೇಳುವವರ ಬೆನ್ನ ಹಿಂದೆ ಗೋಡೆಯಿರಲಿ, ದನಿ ಮುಂದಕ್ಕೆ ಬರುತ್ತದೆ. ಕುರ್ಚಿಗಳ ಮೊದಲ ಸಾಲು ಎರಡು ಮೀಟರ್ ದೂರದಲ್ಲಿ, ಅರ್ಧವೃತ್ತವಾಗಿ. ಅಲ್ಲಿ ಆ ತಿಂಗಳು ಹೊತ್ತು ಮುಳುಗುವುದು ಎಂಟೂವರೆ ಸುಮಾರಿಗೆ. ಹೇಳುವವರನ್ನು ಪಡುವಣಕ್ಕೋ ಮೂಡಣಕ್ಕೋ ನಿಲ್ಲಿಸಿದರೆ ಯಾರಾದರೊಬ್ಬರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಉತ್ತರ ಅಥವಾ ದಕ್ಷಿಣದ ಬದಿ ಒಳ್ಳೆಯದು. ಮೈಕ್ ಬೇಕೇಬೇಕು ಅಂದರೆ ಕೈಗೆ ಕೊಡಬೇಡಿ, ಅರ್ಧ ಅಭಿನಯ ಕೈಯಲ್ಲೇ ಇರುತ್ತದೆ. ತಲೆಗೆ ಸಿಕ್ಕಿಸುವಂಥದ್ದು ತನ್ನಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಇಲ್ಲದಿದ್ದರೆ ಗಾಳಿಯದ್ದೇ ಭುಸುಭುಸು. ಹೇಳುವ ಹೊತ್ತಿಗೆ ಬಾರ್ಬೆಕ್ಯೂ ಆರಿಸಿರಿ. ದೋಸೆ ಹೆಂಚಿನ ಚೊಂಯ್ ಸದ್ದೂ ಕಥೆಯನ್ನು ನುಂಗುತ್ತದೆ.

ಬೆಂಕಿಯ ಸುತ್ತ ಕೂರುವ ಆಸೆ ಸಹಜವೇ. ಆದರೆ ಸಂಪೂರ್ಣ ಬೆಂಕಿ ನಿಷೇಧದ ದಿನ ಹಿತ್ತಲಲ್ಲಿ ಸೌದೆ ಉರಿಸುವಂತಿಲ್ಲ. ಹಿಂದಿನ ಸಂಜೆಯೇ ಸಿಎಫ್‌ಎಸ್ (ಅಲ್ಲಿನ ಅಗ್ನಿಶಾಮಕ ಸೇವೆ) ಪ್ರಕಟಣೆ ನೋಡಿ. ನಾನಾದರೆ ಬೇಸಿಗೆಯಲ್ಲಿ ಬೆಂಕಿಯ ಯೋಚನೆಯನ್ನೇ ಬಿಟ್ಟು ಎರಡು ಬ್ಯಾಟರಿ ಲಾಟೀನು ಇಡುತ್ತೇನೆ, ಮುಖಕ್ಕೆ ಬೆಳಕು ಬೀಳುವ ಹಾಗೆ.

ಸಾಲು ಮರೆತರೆ ತಕ್ಷಣ ಎತ್ತಿಕೊಡಬೇಡಿ. ಅವರು ಬೇಕೆಂದೇ ತಡೆದಿರಬಹುದು. ಮುದ್ರಿತ ಪ್ರತಿ ಒಬ್ಬರ ಕೈಯಲ್ಲಿರಲಿ, ಹೇಳುವವರು ಅವರತ್ತ ನೋಡಿದಾಗ ಮಾತ್ರ ಮೊದಲ ಎರಡು ಪದ ಸಾಕು. ಇನ್ನು ವಿಡಿಯೋ: ಪ್ಯಾಟರ್ಸನ್ ಮತ್ತು ಲಾಸನ್ ಪದ್ಯಗಳ ಹಕ್ಕುಸ್ವಾಮ್ಯ ಮುಗಿದಿದೆ, ಆದರೆ ಗೆಳೆಯರ ಸ್ವಂತದ್ದು ಮುಗಿದಿಲ್ಲ. ಯೂಟ್ಯೂಬ್‌ಗೆ ಹಾಕುವುದಾದರೆ ಕುರ್ಚಿ ಜೋಡಿಸುವ ಮೊದಲೇ ಅವರನ್ನು ಕೇಳಿ.