ಗಡಿಯ ಕಾರ್ಖಾನೆಯೂ ವಿದೇಶಿ ಬಂಡವಾಳವೂ

ವಿದೇಶಿ ನೇರ ಹೂಡಿಕೆಯಿಂದ, ಅಂದರೆ ಹೊರದೇಶದ ಕಂಪನಿಗಳು ಬಂದು ಕಾರ್ಖಾನೆ, ಉದ್ಯಮಗಳಲ್ಲಿ ತೊಡಗಿಸುವ ಬಂಡವಾಳದಿಂದ, ಅಭಿವೃದ್ಧಿಶೀಲ ದೇಶಗಳಿಗೆ ಆಗುವುದೇನು ಎಂದು ತಾವು ಕೇಳಿದ್ದೀರಿ. ಗಡಿನಾಡಿನವನಾದ ನಾನು ಇದನ್ನು ಗಡಿಯ ಊರುಗಳ ಕಡೆಯಿಂದಲೇ ನೋಡುತ್ತೇನೆ, ಏಕೆಂದರೆ ಇಂಥ ಬಂಡವಾಳ ಹಲವೆಡೆ ಮೊದಲು ಬಂದಿಳಿದದ್ದು ಅಲ್ಲಿಯೇ.

ಮೆಕ್ಸಿಕೊದವರು ಅಮೆರಿಕಕ್ಕೆ ಕೃಷಿ ಕೂಲಿಗೆ ಹೋಗಲು ಇದ್ದ ಒಪ್ಪಂದ 1964ರಲ್ಲಿ ಮುಗಿದಾಗ, ಮೆಕ್ಸಿಕೊ ಮರುವರ್ಷವೇ ತನ್ನ ಉತ್ತರ ಗಡಿಯಲ್ಲಿ ವಿದೇಶಿ ಕಾರ್ಖಾನೆಗಳಿಗೆ ಅವಕಾಶ ಕೊಟ್ಟಿತು. ಬಿಡಿಭಾಗಗಳು ಸುಂಕವಿಲ್ಲದೆ ಒಳಬರುತ್ತಿದ್ದವು. ಆ ಗಡಿಯ ಹ್ವಾರೆಸ್ ನಗರದ ಕಾರ್ಮಿಕರು ಸಾಲಾಗಿ ನಿಂತು ಕಾರಿನ ವೈರುಗಳನ್ನು ಅಳತೆಗೆ ಜೋಡಿಸಿ, ಟೇಪು ಸುತ್ತಿ ಕಂತೆ ಮಾಡುತ್ತಿದ್ದರು. ಸಿದ್ಧವಾದ ಸರಕು ಅದೇ ಗಡಿ ದಾಟಿ ಹೊರಟುಹೋಗುತ್ತಿತ್ತು. ಕಾಲಕ್ರಮದಲ್ಲಿ ಲಕ್ಷಾಂತರ ಮಂದಿಗೆ, ಆರಂಭದಲ್ಲಿ ಹೆಚ್ಚಾಗಿ ಯುವತಿಯರಿಗೆ, ಕೈಗೆ ಸಂಬಳ ಬಂತು. ಅದನ್ನು ಕಡೆಗಣಿಸುವವರ ಮಾತನ್ನು ನಾನು ಒಪ್ಪಲಾರೆ. ಆದರೆ ಆ ಕಾರ್ಖಾನೆಗಳು ದೇಶದೊಳಗೆ ಕೊಂಡ ಸಾಮಗ್ರಿಯ ಪಾಲು ತೀರಾ ಅಲ್ಪವಾಗಿಯೇ ಉಳಿಯಿತು. ಹೀಗಾಗಿ 2001ರ ನಂತರ ಅಮೆರಿಕದ ಬೇಡಿಕೆ ಕುಸಿದು, ಕೆಲವು ಕಂಪನಿಗಳು ಚೀನಾದತ್ತ ಮುಖ ಮಾಡಿದಾಗ, ಅವನ್ನು ಅಲ್ಲೇ ಹಿಡಿದು ನಿಲ್ಲಿಸಬಲ್ಲ ಸ್ಥಳೀಯ ಪೂರೈಕೆದಾರರ ಬಲವಾದ ಜಾಲ ಅಲ್ಲಿರಲಿಲ್ಲ.

ಹಾಂಗ್‌ಕಾಂಗ್‌ಗೆ ಅಂಟಿಕೊಂಡಿರುವ ಚೀನಾದ ಶೆನ್‌ಜೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾದಾಗ ಅಲ್ಲಿಯೂ ಜೋಡಣೆಯ ಕೆಲಸವೇ ಮೊದಲು ಬಂತು. ವ್ಯತ್ಯಾಸವೆಂದರೆ, ಅದರ ಬೆನ್ನಿಗೇ ಸ್ಥಳೀಯ ಉದ್ಯಮಗಳು ಬೆಳೆದವು. 1987ರಲ್ಲಿ ಅಲ್ಲಿ ಆರಂಭವಾದ ಹುವಾವೇ ಕಂಪನಿ ಮೊದಲು ಹಾಂಗ್‌ಕಾಂಗ್‌ನಿಂದ ತಂದ ಟೆಲಿಫೋನ್ ಸ್ವಿಚ್‌ಗಳನ್ನು ಮಾರುತ್ತಿತ್ತು, ಬಳಿಕ ತಾನೇ ತಯಾರಿಸಿತು. ನಮ್ಮ ದೇಶದಲ್ಲಿ ಸುಜುಕಿ ಪಾಲುಗಾರಿಕೆಯಿಂದ 1983ರಲ್ಲಿ ಮಾರುತಿ ಕಾರು ಹೊರಬಂದಾಗಲೂ, ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲಿಯೇ ತಯಾರಿಸಬೇಕೆಂಬ ಸರ್ಕಾರದ ಒತ್ತಾಯವಿದ್ದುದರಿಂದ ಬಿಡಿಭಾಗಗಳ ಒಂದು ಉದ್ಯಮವೇ ಬೆಳೆಯಿತು.

1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವು ಸ್ಥಳೀಯ ಸಾಮಗ್ರಿಯನ್ನೇ ಬಳಸಬೇಕೆಂಬ ಇಂಥ ಷರತ್ತುಗಳನ್ನು ನಿಷೇಧಿಸುತ್ತದೆ. ಮುಂದುವರಿದ ದೇಶಗಳಲ್ಲಿ ಹಲವು ತಾವು ಬೆಳೆಯುವಾಗ ಬಳಸಿದ ಸಾಧನವನ್ನೇ ಹಿಂದುಳಿದವರ ಕೈಯಿಂದ ಕಿತ್ತುಕೊಂಡದ್ದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಈಗ ಸರ್ಕಾರಗಳಿಗೆ ಉಳಿದಿರುವ ಸುಲಭದ ದಾರಿಯೆಂದರೆ ತೆರಿಗೆ ವಿನಾಯಿತಿ ಮತ್ತು ಅಗ್ಗದ ಭೂಮಿ. ಇವುಗಳಲ್ಲಿ ಒಂದು ರಾಜ್ಯ ಇನ್ನೊಂದರೊಡನೆ, ಒಂದು ದೇಶ ಇನ್ನೊಂದರೊಡನೆ ಪೈಪೋಟಿಗೆ ಬಿದ್ದಾಗ, ಕಾರ್ಮಿಕರಿಗೆ ತರಬೇತಿ ಕೊಡುವ ಶಾಲೆಗೂ ಸಣ್ಣ ಉದ್ಯಮಿಗೆ ಕೊಡಬೇಕಾದ ಸಾಲಕ್ಕೂ ಬೇಕಾದ ಹಣವೇ ಖಜಾನೆಯಿಂದ ಸೋರಿಹೋಗುತ್ತದೆ.