ಒದ್ದೆ ಗೋಡೆಗೆ ಜಿಪ್ಸಮ್ ಬೋರ್ಡ್ ಹೊಡೆಸಬಹುದಾ?

ಪ್ರಶ್ನೆ: ಸರ್, ನಮ್ಮದು ಹಳೇ ಜಂಬಿಟ್ಟಿಗೆ ಮನೆ. ಅತ್ತೆಯ ಕೋಣೆಯ ಹೊರಗೋಡೆ ಪ್ರತಿ ಮಳೆಗಾಲದಲ್ಲೂ ಸೊಂಟದೆತ್ತರ ಒದ್ದೆಯಾಗಿ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಲು ಬಂದವರು, ‘ಆ ಗೋಡೆಗೂ ಹಸಿರು ಜಿಪ್ಸಮ್ ಬೋರ್ಡ್ ಹೊಡೆದುಬಿಡ್ತೀವಿ, ನೀರಿಗೆ ಏನೂ ಆಗಲ್ಲ’ ಅನ್ನುತ್ತಿದ್ದಾರೆ. ಹಾಲ್ ಮತ್ತು ಮಲಗುವ ಕೋಣೆ ನಡುವೆ ಹೊಸ ಗೋಡೆಯನ್ನೂ ಅದರಲ್ಲೇ ಮಾಡಿಸುವ ಯೋಚನೆ ಇದೆ. ಅದರ ಮೇಲೆ ಟಿವಿ ನಿಲ್ಲುತ್ತಾ?
– ಓದುಗರೊಬ್ಬರು, ಸಾಗರ

ಉತ್ತರ: ನಡುವಿನ ಗೋಡೆಗೆ ಧಾರಾಳವಾಗಿ ಮಾಡಿಸಿ. ಅತ್ತೆಯ ಕೋಣೆಗೆ ಮಾತ್ರ ಬೇಡಮ್ಮ.

ಎರಡು ದಪ್ಪ ಕಾಗದದ ನಡುವೆ ಜಿಪ್ಸಮ್ ತುಂಬಿದ ಹಲಗೆ ಅದು. ಹಸಿರು ಬೋರ್ಡ್ ಅಡುಗೆಮನೆಯ ಹಬೆಯಂಥ ತೇವವನ್ನು ತಡೆಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ನೀರು ಹೀರುವ ಗೋಡೆಯ ಮುಂದೆ ನಿಲ್ಲಿಸಿದರೆ ಅದೂ ಕೆಡುತ್ತದೆ.

ನಾನು ಇದನ್ನು ನಮ್ಮ ಮನೆಯಲ್ಲೇ ಕಂಡವನು. ಮಗಳ ಓದುವ ಕೋಣೆಯಲ್ಲಿ ಗೋಡೆ ಒಣಗುವವರೆಗೆ ಕಾಯದೆ ಬೋರ್ಡ್ ಹೊಡೆಸಿದೆ. ಎರಡನೇ ಮಳೆಗಾಲಕ್ಕೆ ಒಳಗೆ ಹಳೇ ಗೋಣಿಚೀಲದ ವಾಸನೆ. ಬೆಳಗಾದರೆ ಮಗಳಿಗೆ ಸೀನು. ಮುಂದೆ ನೋಡಿದರೆ ಒಂದು ಕಲೆಯೂ ಇಲ್ಲ! ಕೊನೆಗೆ ಮೇನ್ ಆಫ್ ಮಾಡಿ, ಸ್ವಿಚ್ ಬಾಕ್ಸ್ ಬಿಚ್ಚಿ ಟಾರ್ಚ್ ಬಿಟ್ಟೆ. ಹಿಂದಿನ ಕಾಗದದ ಮೇಲೆಲ್ಲ ಕರಿ ಬೂಸ್ಟು. ಕೆಳಗಿನ ಒಂದು ಗೇಣು ಬೆರಳಿಟ್ಟರೆ ನೆನೆದ ಅವಲಕ್ಕಿ ಹಾಗೆ ಕುಸಿಯುತ್ತಿತ್ತು. ಅತ್ತೆಯವರು ಮಲಗುವ ಕೋಣೆ ಅಂದಿದ್ದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಬಂದಿದೆಯಾ? ಸೂರಿನ ನೀರು ಗೋಡೆಯ ಬುಡಕ್ಕೆ ಎರಚುತ್ತಿದೆಯಾ? ಮಣ್ಣು ತೆಗೆಸಿ, ದಂಬೆ ಕಟ್ಟಿಸಿ, ನೀರು ದೂರ ಹರಿಯುವ ಹಾಗೆ ಮಾಡಿ. ಒಳಗೆ ಸಿಮೆಂಟ್ ಗಾರೆ ಇದ್ದರೆ ಒದ್ದೆಯಾಗುವಷ್ಟು ಭಾಗ ಕೆತ್ತಿಸಿ ಒಂದು ಬೇಸಿಗೆ ಹಾಗೇ ಬಿಡಿ. ಆಮೇಲೆ ಸುಣ್ಣದ ಗಾರೆ ಮಾಡಿಸಿ. ಜಂಬಿಟ್ಟಿಗೆಗೆ ಅದೇ ಸರಿ, ತೇವ ಒಳಗೆ ಕೂರುವುದಿಲ್ಲ.

ಪರೀಕ್ಷೆಗೆ ಒಂದು ಸುಲಭದ ದಾರಿ ಇದೆ. ಬಣ್ಣ ಕೆರೆದು, ಎರಡಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಿಮ್ಮ ಕಡೆಯ ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಡಬೇಕು. ಇದನ್ನು ಮಳೆಗಾಲದಲ್ಲೇ ಮಾಡಿ. ಏಪ್ರಿಲ್‌ನಲ್ಲಿ ಎಲ್ಲಾ ಗೋಡೆಯೂ ಒಣಗಿರುತ್ತದೆ, ಅಲ್ವಾ?

ಇನ್ನು ನಡುವಿನ ಗೋಡೆ. 12.5 ಮಿ.ಮೀ. ಬೋರ್ಡ್ ಸಾಕು. ಬೋರ್ಡ್ ಹೊಡೆಯಲು ನಿಲ್ಲಿಸುವ ತಗಡಿನ ಪಟ್ಟಿಗಳ, ಅಂದರೆ ನಿಲುವು ಚಾನೆಲ್‌ಗಳ ನಡುವೆ ಎರಡಡಿಗಿಂತ ಜಾಸ್ತಿ ಅಂತರ ಬೇಡ. ಬೋರ್ಡಿನ ಅಂಚು ಚಾನೆಲ್ ಮೇಲೆಯೇ ಕೂರಬೇಕು. ನೆಲದಿಂದ 10 ಮಿ.ಮೀ. ಮೇಲೆತ್ತಿ ಹೊಡೆಯಲಿ, ಇಲ್ಲದಿದ್ದರೆ ನೆಲ ಒರೆಸಿದ ನೀರನ್ನು ಬೋರ್ಡ್ ಹೀರುತ್ತದೆ. ಸಂದು ಸ್ಕರ್ಟಿಂಗ್ ಹಿಂದೆ ಮರೆಯಾಗುತ್ತದೆ. ಸ್ಕ್ರೂ ತಲೆ ಕಾಗದದ ಮಟ್ಟಕ್ಕಿಂತ ಸ್ವಲ್ಪ ಒಳಗೆ ಕೂರಬೇಕು, ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂಗೆ ಹಿಡಿತವಿಲ್ಲ, ಪಕ್ಕದಲ್ಲಿ ಇನ್ನೊಂದು ಹೊಡೆಯಲು ಹೇಳಿ. ಬೋರ್ಡುಗಳ ನಡುವಿನ ಸಂದಿಗೆ ಟೇಪ್ ಇಲ್ಲದೆ ಸುಮ್ನೆ ಪುಟ್ಟಿ ಎಳೆದರೆ ಬಿರುಕು ಬಿಡುತ್ತದೆ. ಹತ್ತಿರ ನಿಂತು ನೋಡಿ.

ಟಿವಿ ನಿಲ್ಲುತ್ತದೆ, ಬರೀ ಬೋರ್ಡಿನ ಮೇಲಲ್ಲ. ಟಿವಿ ಬರುವ ಜಾಗದಲ್ಲಿ ಚಾನೆಲ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಕೂರಿಸಿ ಆಮೇಲೆ ಮುಚ್ಚಬೇಕು. ಇದನ್ನು ಈಗಲೇ ಹೇಳಿಬಿಡಿ. ಮುಚ್ಚುವ ಮುಂಚೆ ವೈರ್ ಪೈಪು, ಪ್ಲೈವುಡ್ ಇರುವ ಜಾಗಕ್ಕೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಗೋಡೆಯ ಕೆಲಸ ಮುಗಿಯುವವರೆಗೆ ಅತ್ತೆಯವರ ಮಂಚವನ್ನು ಅಲ್ಲಿಂದ ಒಂದು ಮೊಳ ಈಚೆಗೆ ಎಳೆದು ಹಾಕಿ.