ಸಾವಿರ ಅಧ್ಯಾಯ ಓದಿದರೂ ಒಂದು ಮಾತೂ ಕೇಳಿಸಲಿಲ್ಲ

ಓದುಗರೊಬ್ಬರ ಪತ್ರದ ಸಾರ: "ಸತ್ಯವೇದವನ್ನು (ಬೈಬಲನ್ನು) ಆದಿಕಾಂಡದಿಂದ ಶುರುಮಾಡಿ ಹನ್ನೊಂದು ತಿಂಗಳಿಂದ ದಿನಾ ಮೂರು ಅಧ್ಯಾಯ ಓದುತ್ತಿದ್ದೇನೆ. ಪ್ರಾರ್ಥನಾ ಕೂಟದಲ್ಲಿ ಎಲ್ಲರೂ 'ಇವತ್ತು ಕರ್ತನು ಈ ವಾಕ್ಯದ ಮೂಲಕ ನನ್ನ ಹತ್ತಿರ ಮಾತಾಡಿದನು' ಅಂತ ಸಾಕ್ಷಿ ಹೇಳುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಡು, ವಾಕ್ಯ ಸಿಗುತ್ತದೆ ಅಂದರು. ಹಾಗೂ ಮಾಡಿದೆ, ಬರೀ ವಂಶಾವಳಿ ಸಿಕ್ಕಿತು. ಹೋದ ತಿಂಗಳು ಮತ್ತಾಯ 5ನೇ ಅಧ್ಯಾಯದಲ್ಲಿ ಸಹೋದರನ ಜೊತೆ ಒಂದಾಗುವ ಮಾತು ಬಂದಾಗ ಬೇಗ ಮುಂದೆ ಹೋದೆ. ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯಿತು. ಅದು ಬೇರೆ ವಿಷಯ. ದೇವರು ನನ್ನ ಹತ್ತಿರ ಯಾಕೆ ಮಾತಾಡುವುದಿಲ್ಲ?"

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿಮ್ಮಲ್ಲಿ ನಂಬಿಕೆ ಕಡಿಮೆ ಅಂತ ನನಗೆ ಒಂದು ಸಲವೂ ಅನಿಸಲಿಲ್ಲ. ಏನೂ ಕೇಳಿಸದೆ ಇದ್ದರೂ ಹನ್ನೊಂದು ತಿಂಗಳು ದಿನಾ ಕೂತು ಓದುವುದು ಸುಮ್ನೆ ಆಗುವ ಕೆಲಸವಲ್ಲ.

ಬೆರಳಿಟ್ಟು ನೋಡುವ ವಿಷಯ ಮೊದಲು ಮುಗಿಸೋಣ. ನಮ್ಮ ತಂದೆ ಹಾಸಿಗೆ ಹಿಡಿದಿದ್ದಾಗ ಒಂದು ರಾತ್ರಿ ನಾನೂ ಕಣ್ಣು ಮುಚ್ಚಿ ಸತ್ಯವೇದ ತೆರೆದೆ. 118ನೇ ಕೀರ್ತನೆಯ 17ನೇ ವಚನದ ಮೇಲೆ ಬೆರಳು ಬಿತ್ತು. ನಾನು ಸಾಯುವುದಿಲ್ಲ, ಜೀವದಿಂದ ಇರುತ್ತೇನೆ ಎನ್ನುವ ವಚನ ಅದು. ದೇವರು ಮಾತು ಕೊಟ್ಟಿದ್ದಾನೆ ಅಂತ ಮನೆಯವರಿಗೆಲ್ಲ ಹೇಳಿದೆ. ಒಂಬತ್ತನೇ ದಿನ ತಂದೆ ತೀರಿಕೊಂಡರು. ಆಮೇಲೆ ಎಷ್ಟೋ ತಿಂಗಳು ನಾನು ಸತ್ಯವೇದ ಮುಟ್ಟಲಿಲ್ಲ. ದೇವರು ಮಾತು ತಪ್ಪಿದನು ಅಂದುಕೊಂಡಿದ್ದೆ. ನಿಜವಾಗಿ ಅವನು ಆ ಮಾತು ಕೊಟ್ಟೇ ಇರಲಿಲ್ಲ. ಅಪಾಯದಿಂದ ಪಾರಾದವರು ದೇವರ ಬಾಗಿಲಿಗೆ ಬಂದು ಹಾಡುವ ಸ್ತುತಿ ಆ ಕೀರ್ತನೆ. ಅದು ಏನು ಹೇಳುತ್ತಿದೆ ಅಂತ ನಾನು ಕೇಳಿಯೇ ಇರಲಿಲ್ಲ. ನನಗೆ ಬೇಕಾದ ಉತ್ತರವನ್ನು ಅದರ ಬಾಯಲ್ಲಿ ಹೇಳಿಸಿದ್ದೆ.

ಹೀಗೆ ಬೆರಳಿಡುವವರು ಹಳೆಯ ಕಾಲದ ಸಭೆಯ ದೊಡ್ಡ ಬೋಧಕರಾದ ಅಗಸ್ಟೀನರ ಕಥೆ ಹೇಳುತ್ತಾರೆ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಳುತ್ತಾ ಕೂತಿದ್ದಾಗ "ತೆಗೆದುಕೋ, ಓದು" ಎನ್ನುವ ಮಗುವಿನಂಥ ದನಿ ಅವರಿಗೆ ಕೇಳಿಸಿತು. ಪುಸ್ತಕ ತೆರೆದರು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದ ಕೊನೆಯ ಸಾಲುಗಳು ಕಣ್ಣಿಗೆ ಬಿದ್ದವು. ಅಲ್ಲಿಂದ ಅವರ ಬದುಕೇ ತಿರುಗಿತು. ನಿಜವೇ. ಆದರೆ ಅದು ಅವರು ಆಗಲೇ ಓದುತ್ತಿದ್ದ ಪೌಲನ ಪುಸ್ತಕ. ಅಲ್ಲಿ ಸಿಕ್ಕಿದ್ದೂ ಅವರಿಗೆ ಇಷ್ಟವಾದ ಮಾತಲ್ಲ, ಬಿಡಲಾಗದೆ ಹಿಡಿದುಕೊಂಡಿದ್ದ ಪಾಪವನ್ನು ಬಿಡು ಎನ್ನುವ ಮಾತು. ಮುಂದೆ ಬಿಷಪ್ ಆದಮೇಲೆ, ಲೋಕದ ವ್ಯವಹಾರಕ್ಕಾಗಿ ಸುವಾರ್ತೆಯ ಪುಟಗಳಲ್ಲಿ ಚೀಟಿ ಎತ್ತಿದ ಹಾಗೆ ಉತ್ತರ ಹುಡುಕುವುದು ನನಗೆ ಹಿಡಿಸುವುದಿಲ್ಲ ಅಂತ ಇದೇ ಅಗಸ್ಟೀನರು ಪತ್ರದಲ್ಲಿ ಬರೆದರು. ಹಾಗಾಗಿ ನಿಮಗೆ ವಂಶಾವಳಿ ಸಿಕ್ಕಿತು ಅಂತ ನೀವು ನೊಂದುಕೊಳ್ಳಬೇಡಿ.

ನಾನು ಮತ್ತೆ ಓದಲು ಶುರುಮಾಡಿದ್ದು 13ನೇ ಕೀರ್ತನೆಯಿಂದ. ಆರೇ ವಚನ. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ದೇವರನ್ನು ಕೇಳುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗಲಿಲ್ಲ. ಸುಮಾರು ಒಂದು ತಿಂಗಳು ಅದನ್ನೇ ಬಾಯಿಬಿಟ್ಟು ಓದಿದೆ. ಯಾವ ದನಿಯೂ ಕೇಳಿಸಲಿಲ್ಲ. ಆದರೆ ನನ್ನ ಸಿಟ್ಟನ್ನು ದೇವರ ಎದುರಿಗೇ ಹೇಳಬಹುದು, ಹಾಗೆ ಹೇಳುವುದಕ್ಕೆ ಮಾತನ್ನೂ ಅವನೇ ಕೊಟ್ಟಿದ್ದಾನೆ ಅಂತ ಒಂದು ದಿನ ಹೊಳೆಯಿತು. ಅವತ್ತು ತುಂಬಾ ಅತ್ತೆ. ದೇವರು ನನ್ನ ಹತ್ತಿರ ಮಾತಾಡಿದನು ಅಂತ ನಾನು ಧೈರ್ಯವಾಗಿ ಹೇಳುವುದು ಅದನ್ನೇ.

ಬಾಯಿಬಿಟ್ಟು ಓದುವುದು ಹಳೆಯ ರೂಢಿ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಅಂತ ಇದೆಯಲ್ಲ, ಅಲ್ಲಿನ ಹೀಬ್ರೂ ಪದ 'ಹಾಗಾ'. ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹೇಳಿಕೊಳ್ಳುವುದು ಅಂತ ಅದರ ಅರ್ಥ. ಪ್ರವಾದಿ ಯೆಶಾಯನ ಪುಸ್ತಕದ 31ನೇ ಅಧ್ಯಾಯದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಇದೇ ಪದ ಇದೆ. ಸಿಂಹಕ್ಕೆ ಅವಸರ ಇಲ್ಲ, ಬೇಟೆಯನ್ನು ಬಿಟ್ಟುಕೊಡುವುದೂ ಇಲ್ಲ. ಐಥಿಯೋಪ್ಯದ ಅರಮನೆಯ ಅಧಿಕಾರಿಯಾದ ಕಂಚುಕಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದದ್ದು ಸುವಾರ್ತಿಕ ಫಿಲಿಪ್ಪನಿಗೆ ಕೇಳಿಸಿತು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇದೆ. ಅವನೂ ಗಟ್ಟಿಯಾಗಿಯೇ ಓದುತ್ತಿದ್ದನು. 12ನೇ ಶತಮಾನದಲ್ಲಿ ಗೀಗೋ ಎಂಬ ಸನ್ಯಾಸಿ ಇದನ್ನು ಊಟಕ್ಕೆ ಹೋಲಿಸಿದರು. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆಯಲ್ಲಿ ರುಚಿ ಬಿಡುತ್ತದೆ. ನೀವು ದಿನಾ ಮೂರು ಅಧ್ಯಾಯ ನುಂಗುತ್ತಿದ್ದೀರಿ. ಅಗಿಯಲು ಪುರುಸೊತ್ತು ಎಲ್ಲಿದೆ?

ಈಗ ದೇವಾಲಯದಲ್ಲಿ ಯಾಜಕ ಏಲಿಯ ಹತ್ತಿರ ಬೆಳೆಯುತ್ತಿದ್ದ ಹುಡುಗ ಸಮುವೇಲನ ವಿಷಯ. ಈ ಕಥೆಯನ್ನು ನಾವು ಮಕ್ಕಳಿಗೆ ಹೇಳಿ ಹೇಳಿ ಅರ್ಧದಲ್ಲೇ ನಿಲ್ಲಿಸುತ್ತೇವೆ. ದೇವರು ಹೆಸರು ಹಿಡಿದು ಕರೆದಾಗ ಹುಡುಗ ಮೂರು ಸಲ ಏಲಿಯ ಹತ್ತಿರ ಓಡಿದನು. ದೇವರ ದನಿ ಅವನಿಗೆ ದಿನಾ ಕೇಳುವ ಮುದುಕನ ದನಿಯ ಹಾಗೇ ಕೇಳಿಸಿತು, ಅಲ್ವಾ? ಗುಡುಗಿನ ಹಾಗೆ ಇದ್ದಿದ್ದರೆ ಅವನಿಗೆ ತಪ್ಪುತ್ತಿರಲಿಲ್ಲ. ಅದು ದೇವರ ಕರೆ ಅಂತ ಗುರುತಿಸಿದವನು ಕಣ್ಣು ಮಬ್ಬಾಗಿದ್ದ ಏಲಿ. ಆಮೇಲೆ ಸಮುವೇಲನು "ನಿನ್ನ ದಾಸನು ಕೇಳುತ್ತಾನೆ" ಅಂದನು. ನಾವು ನಿಲ್ಲಿಸುವುದು ಇಲ್ಲೇ. ಅವನಿಗೆ ಕೇಳಿಸಿದ್ದಾದರೂ ಏನು? ಏಲಿಯ ಮನೆಗೆ ಬರಲಿದ್ದ ದಂಡನೆಯ ಸುದ್ದಿ. ತನ್ನನ್ನು ಸಾಕಿದವನಿಗೆ ಅದನ್ನು ಹೇಳುವುದು ಹೇಗೆ ಅಂತ ಭಯಪಟ್ಟು ಹುಡುಗ ಬೆಳಗಿನವರೆಗೂ ಮಲಗಿದ್ದನು.

ಕೂಟದಲ್ಲಿ ಸಾಕ್ಷಿ ಹೇಳುವವರ ಮೇಲೆ ನನಗೆ ಸಂಶಯ ಇಲ್ಲ. ಸಮಾಧಾನದ ಮಾತನ್ನೂ ದೇವರು ಆಡುತ್ತಾನೆ. ಆದರೆ ಅಂಥ ಮಾತುಗಳೇ ಜಾಸ್ತಿ ಸಾಕ್ಷಿಯಾಗುತ್ತವೆ. ಬೆಳಗಿನವರೆಗೂ ನಿದ್ದೆ ಕೆಡಿಸಿದ ವಾಕ್ಯವನ್ನು ಯಾರೂ ಎದ್ದು ನಿಂತು ಹೇಳುವುದಿಲ್ಲ. ಹೀಗಾಗಿ ದೇವರ ಮಾತು ಅಂದರೆ ಯಾವಾಗಲೂ ಮನಸ್ಸಿಗೆ ಹಿತವಾಗಿಯೇ ಇರುತ್ತದೆ ಅಂತ ನಿಮ್ಮಂಥವರು ಅಂದುಕೊಳ್ಳುವ ಹಾಗೆ ಆಗಿದೆ. ಇದು ನನಗೆ ಬೇಸರದ ಸಂಗತಿ.

ದಿನಕ್ಕೆ ಮೂರರ ಲೆಕ್ಕದಲ್ಲಿ ಹಳೆಯ ಒಡಂಬಡಿಕೆಯ 929 ಅಧ್ಯಾಯ ಮುಗಿಯಲು ಹತ್ತು ತಿಂಗಳು ಬೇಕು. ಇಲ್ಲಿಯವರೆಗೆ ನೀವು ಸುಮಾರು ಸಾವಿರ ಅಧ್ಯಾಯ ಓದಿರಬೇಕು. ಅಷ್ಟರಲ್ಲಿ ನೀವು ಹೆಸರು ಹೇಳಿ ನನಗೆ ಬರೆದದ್ದು ಒಂದೇ ಅಧ್ಯಾಯ. ಬರೀ ಅಕ್ಷರ ಆಗಿದ್ದರೆ ಅದನ್ನು ಬೇಗ ದಾಟಿಕೊಂಡು ಹೋಗುವ ಅಗತ್ಯ ಏನಿತ್ತು? "ಅದು ಬೇರೆ ವಿಷಯ" ಅಂತ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ, ಸಹೋದರಿ.

ಮತ್ತಾಯ 5ನೇ ಅಧ್ಯಾಯದ ಆ 23 ಮತ್ತು 24ನೇ ವಚನಗಳನ್ನು ನಿಧಾನವಾಗಿ ನೋಡಿ. ನಿನಗೆ ಯಾರ ಮೇಲೆ ಸಿಟ್ಟಿದೆ ಅಂತ ಯೇಸು ಅಲ್ಲಿ ಕೇಳುವುದಿಲ್ಲ. ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಿಗೆ ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಅನ್ನುತ್ತಾನೆ. ಅಕ್ಕನ ಮತ್ತು ನಿಮ್ಮ ನಡುವೆ ಏನಾಯಿತು ಅಂತ ನನಗೆ ಗೊತ್ತಿಲ್ಲ. ತಪ್ಪು ಯಾರದು ಅಂತ ನಾನು ಹೇಳಲಾರೆ, ನಾಳೆಯೇ ಹೋಗಿ ಅಂತಲೂ ಅಪ್ಪಣೆ ಕೊಡಲಾರೆ. ಅವರಿಂದ ನಿಮಗೆ ದೊಡ್ಡ ಕೇಡು ಆಗಿದ್ದರೆ ಒಬ್ಬರೇ ಹೋಗಬೇಡಿ. ಸಮುವೇಲನಿಗೆ ಏಲಿ ಇದ್ದ ಹಾಗೆ, ಬಾಯಿ ಬಿಗಿ ಇರುವ ಹಿರಿಯರೊಬ್ಬರಿಗೆ ಮೊದಲು ಎಲ್ಲವನ್ನೂ ಹೇಳಿ.

ಓದುವ ಪಟ್ಟಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ವರ್ಷದೊಳಗೆ ಮುಗಿಸದಿದ್ದರೆ ಯಾವ ನಷ್ಟವೂ ಇಲ್ಲ. ದಿನಾ ಆ ಎರಡು ವಚನಗಳನ್ನು ಮಾತ್ರ ನಿಮ್ಮ ಕಿವಿಗೆ ಬೀಳುವ ಹಾಗೆ ಓದಿ. 'ಸಹೋದರ' ಅಂತ ಇರುವ ಕಡೆ ನಿಮ್ಮ ಅಕ್ಕನ ಹೆಸರು ಹೇಳಿ. ಅಳು ಬಂದರೆ ಅಳಿ, ಸಿಟ್ಟು ಬಂದರೆ ಆ ಸಿಟ್ಟನ್ನೂ ಅವನಿಗೇ ಹೇಳಿ. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ. ಆ ಪತ್ರವನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ. ನಿಮಗಾಗಿಯೂ ನಿಮ್ಮ ಅಕ್ಕನಿಗಾಗಿಯೂ ಇವತ್ತಿನಿಂದ ಪ್ರಾರ್ಥಿಸುತ್ತೇನೆ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ